ಕಡಲ ಮರ ಒಣನಾಡಿಗೆ ಬಂದ ಬಗೆ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ರೈಲಿನಲ್ಲಿ ಹೊರಟವರು ಗುಬ್ಬಿ ದಾಟಿದ ಮೇಲೆ ಒಂದು ವಿಚಿತ್ರವನ್ನು ಗಮನಿಸಬಹುದು. ದಿಣ್ಣೆಗಳ ಮೇಲೆ ರಾಗಿ ಹೊಲ, ಜಾಲಿ, ಕಲ್ಲುಬಂಡೆ. ಅದೇ ದಿಣ್ಣೆ ಇಳಿದು ತಗ್ಗಿಗೆ ಬಂದರೆ ಸಾಲುಸಾಲಾಗಿ ತೆಂಗಿನ ಮರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಉದ್ದಗಲಕ್ಕೂ ಇದೇ ನೋಟ. ಈ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ಕರಾವಳಿಯಿಂದ ಮೊದಲ ಸಲ ಬಂದವರು ಕೇಳಿಯೇ ಕೇಳುತ್ತಾರೆ: ಸಮುದ್ರದಿಂದ ನೂರೈವತ್ತು ಕಿಲೋಮೀಟರಿಗೂ ದೂರದಲ್ಲಿ, ನಡುವೆ ಪಶ್ಚಿಮ ಘಟ್ಟವೇ ಅಡ್ಡ ನಿಂತಿರುವಾಗ, ಕಡಲಂಚಿನ ಈ ಮರ ಇಲ್ಲಿಗೆ ಹೇಗೆ ಬಂತು?

ತುಮಕೂರು ಜಿಲ್ಲೆಗೆ ‘ಕಲ್ಪತರು ನಾಡು’ ಎಂಬ ಹೆಸರಿದೆ. ಕಲ್ಪತರುವೆಂದರೆ ಕೇಳಿದ್ದನ್ನೆಲ್ಲ ತಾನಾಗಿಯೇ ಕೊಡುವ ಮರ. ಹೆಸರು ಚೆನ್ನಾಗಿದೆ. ಆದರೆ ತೆಂಗು ಇಲ್ಲಿಗೆ ಪ್ರಕೃತಿ ಕೊಟ್ಟ ವರ ಎಂಬ ಭ್ರಮೆಯನ್ನೂ ಅದು ಹುಟ್ಟಿಸುತ್ತದೆ. ಕೃಷಿ ವಿಜ್ಞಾನದ ಪುಸ್ತಕಗಳನ್ನು ತೆರೆದು ನೋಡಿದರೆ ಲೆಕ್ಕ ಬೇರೆಯೇ ಇದೆ. ತೆಂಗಿಗೆ ವರ್ಷವಿಡೀ ಹಂಚಿಕೆಯಾದ ಸುಮಾರು 2,000 ಮಿಲಿಮೀಟರ್ ಮಳೆ ಬೇಕು. ಗಾಳಿಯಲ್ಲಿ ತೇವ ಬೇಕು. ಸಮುದ್ರಮಟ್ಟದಿಂದ 600 ಮೀಟರಿನ ಒಳಗಿದ್ದರೆ ಒಳ್ಳೆಯದು. ತಿಪಟೂರು ಸೀಮೆ ಇರುವುದು 800 ಮೀಟರಿನ ಆಸುಪಾಸಿನಲ್ಲಿ. ಇಲ್ಲಿ ಬೀಳುವ ಮಳೆ ಒಳ್ಳೆಯ ವರ್ಷದಲ್ಲೂ ಹೆಚ್ಚುಕಡಿಮೆ ಆರೇಳುನೂರು ಮಿಲಿಮೀಟರು. ಅದೂ ಕೆಲವೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅಂದರೆ ಮರ ಕೇಳುವ ನೀರಿನಲ್ಲಿ ಮೂರನೆಯ ಒಂದು ಭಾಗವನ್ನು ಮಾತ್ರ ಆಕಾಶ ಕೊಡುತ್ತದೆ. ಉಳಿದದ್ದನ್ನು ಕೊಟ್ಟವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ತೆಂಗಿನ ಮೂಲದ ಬಗ್ಗೆ ಎರಡು ಮಾತು ಅಗತ್ಯ. ಕಾಡು ತೆಂಗಿನ ಕಾಯಿ ಉದ್ದವಾಗಿ, ಮೂಲೆಮೂಲೆಯಾಗಿ, ದಪ್ಪ ನಾರಿನಿಂದ ಕೂಡಿತ್ತೆಂದು ವಿಜ್ಞಾನಿಗಳು ಹೇಳುತ್ತಾರೆ. ಆ ನಾರೇ ಅದಕ್ಕೆ ದೋಣಿ. ಸಮುದ್ರದಲ್ಲಿ ನೂರಹತ್ತು ದಿನ ತೇಲಿದ ಕಾಯಿಯೂ ಮೊಳೆತದ್ದುಂಟು. ಹೀಗೆ ಅಲೆಗಳು ಅದನ್ನು ದ್ವೀಪದಿಂದ ದ್ವೀಪಕ್ಕೆ ದಾಟಿಸಿದವು. ಲೋಕದ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗಿನ ಮರಗಳ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮನುಷ್ಯ ತೆಂಗನ್ನು ಪಳಗಿಸಿದ್ದು ಎರಡು ಕಡೆ ಎಂಬುದು ಅದರ ತೀರ್ಮಾನ. ಒಂದು, ಆಗ್ನೇಯ ಏಷ್ಯದ ದ್ವೀಪಗಳು. ಇನ್ನೊಂದು, ಶ್ರೀಲಂಕಾ, ಮಾಲ್ಡೀವ್ಸ್, ಲಕ್ಷದ್ವೀಪಗಳೂ ಸೇರಿದಂತೆ ದಕ್ಷಿಣ ಭಾರತದ ಅಂಚು. ‘ತೆಂಕು’ ಎಂದರೆ ದಕ್ಷಿಣ; ‘ತೆಂಗು’ ಎಂಬ ಹೆಸರಿಗೂ ಈ ಮಾತಿಗೂ ನಂಟಿದೆ ಎಂದು ಅಭಿಪ್ರಾಯಪಟ್ಟ ಭಾಷಾತಜ್ಞರಿದ್ದಾರೆ.

ಅಲೆಗಳು ಕಾಯಿಯನ್ನು ದಡದವರೆಗೆ ಮಾತ್ರ ತಂದುಹಾಕಬಲ್ಲವು. ಘಟ್ಟ ಹತ್ತಿ ಬಯಲುಸೀಮೆಗೆ ಬರಬೇಕಾದರೆ ಅದು ಮನುಷ್ಯನ ಹೆಗಲೇರಲೇಬೇಕು.

ಯಾವುದೇ ಗಿಡವನ್ನು ಅದರ ತವರಿನಿಂದ ತಂದು ಬೇರೆ ಹವೆಯಲ್ಲಿ ಬೆಳೆಸುವುದಕ್ಕೆ ಇರುವುದು ಎರಡೇ ದಾರಿ. ಹೊಸ ಜಾಗವನ್ನು ತಾಳಿಕೊಳ್ಳಬಲ್ಲ ತಳಿಯನ್ನು ಆರಿಸುತ್ತ ಹೋಗಬೇಕು. ಇಲ್ಲವೇ ಹೊಸ ಜಾಗದಲ್ಲೇ ತವರಿನ ಒಂದಂಶವನ್ನು ಕಟ್ಟಿಕೊಡಬೇಕು. ಚೀನದ ಚಿತ್ರಗಳಲ್ಲಿ ಮತ್ತೆಮತ್ತೆ ಕಾಣುವ ಪಿಯೋನಿ ಹೂವನ್ನೇ ತೆಗೆದುಕೊಳ್ಳಿ. ನಮ್ಮ ಪಶ್ಚಿಮ ಹಿಮಾಲಯದಲ್ಲೂ ಅದರ ಒಂದು ಕಾಡು ಜಾತಿ ಇದೆ. ಚಳಿಗಾಲ ಗಟ್ಟಿಯಾಗಿ ಕೊರೆಯದಿದ್ದರೆ ಅದರ ಮೊಗ್ಗಿಗೆ ಎಚ್ಚರವೇ ಆಗದು. ಅದರ ಬೀಜ ಬೆಚ್ಚನೆಯ ಕಾಲದಲ್ಲಿ ಬೇರು ಬಿಟ್ಟು, ಚಳಿ ಕಳೆದ ಮೇಲಷ್ಟೇ ಚಿಗುರು ತೋರಿಸುತ್ತದೆ. ಹೂವಿಗೆ ಮತ್ತೆ ನಾಲ್ಕೈದು ವರ್ಷ ಕಾಯಬೇಕು. ಕಡುಚಳಿಯ ದೇಶಗಳ ತೋಟಗಾರರು ಅಂಥ ಕಾಡು ಪಿಯೋನಿಗಳನ್ನು ದೂರದೂರದಿಂದ ತಂದು, ಬುಡಕ್ಕೆ ತರಗು ಹೊದಿಸಿ, ತಾಳ್ಮೆಯಿಂದ ಬೆಳೆಸುತ್ತಾರೆ. ತಿಪಟೂರಿನಲ್ಲಿ ಆ ಹೂ ಅರಳದು, ಕಾಶ್ಮೀರದಲ್ಲಿ ತೆಂಗು ಬಾರದು. ಆದರೆ ಎರಡು ಕಡೆಯ ಬೆಳೆಗಾರರ ಮುಂದಿರುವ ಪ್ರಶ್ನೆ ಒಂದೇ: ಗಿಡ ಕೇಳುವುದರಲ್ಲಿ ಈ ನೆಲದಲ್ಲಿ ಇಲ್ಲದ್ದು ಯಾವುದು, ಅದನ್ನು ಒದಗಿಸುವುದು ಹೇಗೆ? ಅಲ್ಲಿ ಉತ್ತರ ಹುಡುಕಬೇಕಾದದ್ದು ಚಳಿಯಲ್ಲಿ, ಇಲ್ಲಿ ನೀರಿನಲ್ಲಿ.

ನಮ್ಮ ಹಿರಿಯರು ಕೊಟ್ಟ ಉತ್ತರ ಕೆರೆ. ಈ ಸೀಮೆಯ ಊರ ಹೆಸರುಗಳೇ ಇದನ್ನು ಹೇಳುತ್ತವೆ: ತುರುವೇಕೆರೆ, ಪಕ್ಕದ ಅರಸೀಕೆರೆ. ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ ಮಳೆಯ ನೀರನ್ನು ತಡೆದರೆ, ತೂಬಿನ ನೀರು ಗದ್ದೆಗೆ ಹರಿಯುತ್ತದೆ. ಇನ್ನೊಂದು ನೀರು ಕಣ್ಣಿಗೆ ಕಾಣದಂತೆ ನೆಲದೊಳಗೆ ಜಿನುಗುತ್ತದೆ. ಕೆರೆಯ ಹಿಂದಿನ ತಗ್ಗಿನಲ್ಲಿ, ಹಳ್ಳದ ಇಕ್ಕೆಲದಲ್ಲಿ ಆ ಜಿನುಗಿನಿಂದ ಬೇಸಿಗೆಯಲ್ಲೂ ಮಣ್ಣು ತೇವವಾಗಿರುತ್ತದೆ. ತೆಂಗಿಗೆ ತಾಯಿಬೇರಿಲ್ಲ. ಅದರ ನಾರುಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಎರಡು ಮೀಟರಿನ ಸುತ್ತಳತೆಯಲ್ಲೇ ಹರಡಿಕೊಳ್ಳುತ್ತವೆ. ಆಳದ ನೀರನ್ನು ಹುಡುಕಿಕೊಂಡು ಹೋಗಲಾರದ ಇಂಥ ಮರಕ್ಕೆ ಮೇಲುಮಣ್ಣಿನ ತೇವವೇ ಪ್ರಾಣ. ನಮ್ಮ ಶಾಸನಗಳಲ್ಲಿ ದಾನದ ಭೂಮಿಯನ್ನು ಗದ್ದೆ, ಬೆದ್ದಲು, ತೋಟ ಎಂದು ಬೇರೆಬೇರೆಯಾಗಿ ಹೆಸರಿಸುವುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ತೋಟವೆಂಬುದು ನೀರಿನ ಆಸರೆಯನ್ನು ಮೊದಲು ನೋಡಿಕೊಂಡು ಮಾಡುವ ಭೂಮಿ.

ಕೆರೆ ನೀರನ್ನಷ್ಟೇ ಕೊಡಲಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡುಮಣ್ಣನ್ನು ಗಾಡಿಗಳಲ್ಲಿ ಹೇರಿ ತೋಟಕ್ಕೆ ಹೊಡೆಯುತ್ತಿದ್ದರು. ಮರಳು ಮಿಶ್ರಿತ ಕೆಂಪು ನೆಲಕ್ಕೆ ಅದರಿಂದ ತೇವ ಹಿಡಿಯುವ ಶಕ್ತಿ ಬರುತ್ತಿತ್ತು. ಕೆರೆಯ ಹೂಳೂ ಕಡಿಮೆಯಾಗುತ್ತಿತ್ತು. ಸುಲಿದ ಕಾಯಿಯ ಮಟ್ಟೆಯನ್ನು ಸಾಲುಗುಂಡಿ ತೆಗೆದು ಹೂಳುವುದೂ ತೇವ ಉಳಿಸುವ ಉಪಾಯವೇ. ಇನ್ನು ಸಸಿ ನೆಡುವ ಗುಂಡಿಗೆ ಉಪ್ಪು ಹಾಕುವ ರೂಢಿ. ಇದು ಬರೀ ನಂಬಿಕೆಯೆಂದು ನಕ್ಕವರಿದ್ದರು. ಆದರೆ ತೆಂಗಿಗೆ ಕ್ಲೋರಿನ್ ಅಂಶ ಮುಖ್ಯ ಪೋಷಕಾಂಶವೆಂದೂ, ಎಲೆಯಿಂದ ನೀರು ಆವಿಯಾಗುವುದನ್ನು ಹತೋಟಿಯಲ್ಲಿಡಲು ಅದು ನೆರವಾಗುತ್ತದೆಂದೂ ಕಳೆದ ಶತಮಾನದ ಸಂಶೋಧನೆಗಳು ತೋರಿಸಿದವು. ಕಡಲ ಗಾಳಿಯಲ್ಲಿ ಪುಕ್ಕಟೆಯಾಗಿ ಸಿಗುವ ಉಪ್ಪನ್ನು ಒಳನಾಡಿನ ರೈತ ತನ್ನ ಕೈಯಾರೆ ತಂದು ಹಾಕುತ್ತಿದ್ದ.

ಎರಡನೆಯ ದಾರಿಯಾದ ತಳಿಯ ಆಯ್ಕೆಯೂ ಜೊತೆಜೊತೆಗೇ ನಡೆಯಿತು. ಬರಗಾಲದಲ್ಲಿ ಉಳಿದ ಮರದ ಕಾಯಿಯನ್ನೇ ಬೀಜಕ್ಕೆ ಇಡುವುದು ಯಾವ ರೈತನಿಗಾದರೂ ಹೊಳೆಯುವ ಬುದ್ಧಿ. ಎತ್ತರದ ತಳಿಗಳಲ್ಲಿ ಒಂದೇ ಹೊಂಬಾಳೆಯ ಗಂಡು ಹೂ ಉದುರಿದ ಮೇಲೆ ಹೆಣ್ಣು ಹೂ ಪಕ್ವವಾಗುವುದರಿಂದ ಪರಾಗ ಬೇರೆ ಮರದಿಂದ ಬರಬೇಕು. ಆದ್ದರಿಂದ ಒಂದು ಮರವನ್ನು ಆರಿಸಿದರೆ ಸಾಲದು, ಇಡೀ ಸೀಮೆಯೇ ತಲೆಮಾರುಗಳ ಕಾಲ ಜರಡಿ ಹಿಡಿಯಬೇಕಾಗುತ್ತದೆ. ಹಾಗೆ ರೂಪುಗೊಂಡದ್ದೇ ಇಂದು ‘ತಿಪಟೂರು ಟಾಲ್’ ಎಂದು ಹೆಸರಾದ ತಳಿ. ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಲ್ಲಿಯ ತಳಿಸಂಗ್ರಹದಲ್ಲೂ ಇದಕ್ಕೆ ಸ್ಥಾನವಿದೆ. ಬರ ತಾಳುವ ಗುಣಕ್ಕೂ ಉಂಡೆ ಕೊಬ್ಬರಿಗೂ ಹೆಸರಾದ ‘ಕಲ್ಪತರು’ ಎಂಬ ಸುಧಾರಿತ ತಳಿಯನ್ನು ಆರಿಸಿದ್ದು ಇದರಿಂದಲೇ.

ಈ ತೋಟಗಳು ನಿನ್ನೆ ಮೊನ್ನೆಯವಲ್ಲ. ಟಿಪ್ಪು ಸುಲ್ತಾನನ ಪತನದ ನಂತರ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಡಾ. ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತಿದ. ಗುಬ್ಬಿ, ಚಿಕ್ಕನಾಯಕನಹಳ್ಳಿಗಳ ಮೂಲಕ ಹಾದುಹೋದ ಅವನು ಈ ಕಡೆಯ ತೆಂಗು–ಅಡಿಕೆ ತೋಟಗಳ ಬಗ್ಗೆ ಬರೆದಿಟ್ಟ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅವನ ಪ್ರವಾಸ ಕಥನ ಅಚ್ಚಾಯಿತು. ಅವನು ಬರುವುದಕ್ಕೆ ಒಂಬತ್ತು ವರ್ಷ ಮೊದಲು, 1791ರಲ್ಲಿ, ಹಾಗಲವಾಡಿ ನಾಯಕರ ಕಾಲದ ಊರಾದ ಚಿಕ್ಕನಾಯಕನಹಳ್ಳಿಯನ್ನು ಪರಶುರಾಮ ಭಾವೂವಿನ ಮರಾಠಾ ದಂಡು ಸೂರೆ ಮಾಡಿತ್ತು. ದಂಡು ಬಂದು ಹೋದ ನಾಡಿನಲ್ಲಿ ರಾಗಿಯನ್ನು ಮರುವರ್ಷವೇ ಬಿತ್ತಬಹುದು. ತೋಟ ಹಾಗಲ್ಲ. ಎತ್ತರದ ತಳಿಯ ತೆಂಗು ಮೊದಲ ಹೊಂಬಾಳೆ ಬಿಡಲು ಆರೇಳು ವರ್ಷ ಬೇಕು. ತೆಂಗು ನೆಡುವವನಿಗೆ ನಾಳೆಯ ಬಗ್ಗೆ ಭರವಸೆ ಇರಬೇಕು. ಕೆರೆಯ ಏರಿಯನ್ನು ಊರವರು ಕಾಯುತ್ತಾರೆಂಬ ನಂಬಿಕೆ ಇರಬೇಕು.

ಇಲ್ಲಿಯವರೆಗೆ ಒಣಹವೆಯನ್ನು ತೆಂಗಿನ ಶತ್ರುವೆಂದೇ ಹೇಳಿದ್ದಾಯಿತು. ಆದರೆ ತಿಪಟೂರು ಹೆಸರು ಗಳಿಸಿದ್ದು ಆ ಒಣಹವೆಯಿಂದಲೇ ಎಂಬುದು ಸ್ವಾರಸ್ಯಕರ. ಕರಾವಳಿಯಲ್ಲಿ ಕಾಯಿಯನ್ನು ಒಡೆದು, ಹೋಳುಗಳನ್ನು ಬಿಸಿಲಿಗೋ ಹೊಗೆಗೋ ಒಡ್ಡಿ, ಎಣ್ಣೆಯ ಗಾಣಕ್ಕೆ ಕಳಿಸುತ್ತಾರೆ. ಅಲ್ಲಿಯ ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕಾಯಿ ಬೂಸಲು ಹಿಡಿಯುತ್ತದೆ, ಇಲ್ಲವೇ ಮೊಳಕೆಯೊಡೆಯುತ್ತದೆ. ಬಯಲುಸೀಮೆಯ ರೈತ ಬಲಿತ ಕಾಯಿಯನ್ನು ಒಡೆಯದೆ, ಸುಲಿಯದೆ ಅಟ್ಟಕ್ಕೆ ಏರಿಸುತ್ತಾನೆ. ಎಂಟರಿಂದ ಹನ್ನೆರಡು ತಿಂಗಳು ಕಾಯಿ ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಕರಟದಿಂದ ಬಿಡುತ್ತದೆ. ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು. ಆಗ ಮಟ್ಟೆ ಸುಲಿದು, ಕರಟಕ್ಕೆ ಹದವಾಗಿ ಪೆಟ್ಟು ಹಾಕಿ ಬಿಡಿಸಿದರೆ ಇಡಿಯಾದ ಗಿಟುಕು ಕೈಗೆ ಬರುತ್ತದೆ. ಇದೇ ಉಂಡೆ ಕೊಬ್ಬರಿ. ಗಾಣಕ್ಕೆ ಹೋಗದೆ ಇದು ತಿನ್ನುವ ವಸ್ತುವಾಗಿ, ಪೂಜೆಯ ವಸ್ತುವಾಗಿ ಉತ್ತರ ಭಾರತದ ಪೇಟೆಗಳಿಗೆ ಹೋಗುತ್ತದೆ. ಮರಕ್ಕೆ ಬೇಡವಾದ ಹವೆ ಕಾಯಿಗೆ ಬೇಕಾಯಿತು. ರೈತ ಬುಡಕ್ಕೆ ಕೆರೆಯ ತೇವವನ್ನೂ ಅಟ್ಟಕ್ಕೆ ಬಯಲಿನ ಒಣಗಾಳಿಯನ್ನೂ ಒದಗಿಸಿ ಎರಡನ್ನೂ ದುಡಿಸಿಕೊಂಡ.

ಕೆಡದ ಸರಕು ದೂರ ಪ್ರಯಾಣ ಮಾಡಬಲ್ಲುದು. ಅದಕ್ಕೆ ದಾರಿಯೂ ಸಿಕ್ಕಿತು. 1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನು ನುಂಗಿದ ಧಾತು–ಈಶ್ವರ ಸಂವತ್ಸರಗಳ ಬರದ ನಂತರ ಸರ್ಕಾರ ರೈಲುಮಾರ್ಗಗಳತ್ತ ಗಮನ ಹರಿಸಿತು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದತ್ತ ಹಳಿ ಹಾಕಿದರು. ಸಂತೆಯ ಊರಾಗಿದ್ದ ತಿಪಟೂರು ಕ್ರಮೇಣ ಕೊಬ್ಬರಿಯ ದೊಡ್ಡ ಪೇಟೆಯಾಯಿತು. ಇಂದಿಗೂ ತಿಪಟೂರು ಮಾರುಕಟ್ಟೆಯ ಹರಾಜಿನ ದರವನ್ನು ಸುತ್ತಲಿನ ಪೇಟೆಗಳು ಕಾದು ನೋಡುತ್ತವೆ.

ಇಷ್ಟಾದರೂ ಮರ ತನ್ನ ತವರನ್ನು ಮರೆತಿಲ್ಲ. ತೆಂಗಿನ ಲೆಕ್ಕ ಬಹಳ ದೀರ್ಘವಾದದ್ದು. ಸುಳಿಯ ಒಳಗೆ ಹೊಂಬಾಳೆಯ ಅಂಕುರ ಮೂಡಿದಂದಿನಿಂದ ಅದು ಹೊರಬಂದು, ಹರಳು ಕಟ್ಟಿ, ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಹಿಡಿಯುತ್ತದೆ. ಆದ್ದರಿಂದ ಒಂದು ವರ್ಷದ ಬರದ ಫಲವನ್ನು ರೈತ ನಾಲ್ಕು ವರ್ಷ ಉಣ್ಣುತ್ತಾನೆ. ಮೊದಲು ಹರಳು ಉದುರುತ್ತದೆ, ಆಮೇಲೆ ಗೊನೆ ಸಣ್ಣದಾಗುತ್ತದೆ. ಮಳೆ ಬಂದು ಕೆರೆ ತುಂಬಿ ಎಲ್ಲರೂ ಬರವನ್ನು ಮರೆತ ಮೇಲೂ ಮರ ಅದನ್ನು ನೆನಪಿಟ್ಟುಕೊಂಡಿರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅದೇ ವರ್ಷ ಉಂಡೆ ಕೊಬ್ಬರಿಯ ದರ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದು ಬೆಳೆಗಾರರು ಬೀದಿಗಿಳಿದಿದ್ದರು. 2025ರಲ್ಲಿ ದರ ಬೆಂಬಲ ಬೆಲೆಯನ್ನು ದಾಟಿ ಬಹಳ ಮೇಲೇರಿತು. ಆದರೆ ಒಳ್ಳೆಯ ದರ ಬಂದಾಗ ಅಟ್ಟದಲ್ಲಿ ಕಾಯಿ ಇರಬೇಕಲ್ಲ!

ಈ ನಡುವೆ ನೀರಿನ ಏರ್ಪಾಡೇ ಬದಲಾಗಿದೆ. ಕೊಳವೆಬಾವಿ ಬಂದ ಮೇಲೆ ತೆಂಗು ತಗ್ಗನ್ನು ಬಿಟ್ಟು ದಿಣ್ಣೆ ಹತ್ತಿತು. ಅಜ್ಜ ರಾಗಿ ಬಿತ್ತುತ್ತಿದ್ದ ಬೆದ್ದಲಿನಲ್ಲಿ ಮೊಮ್ಮಗ ತೋಟ ಮಾಡಿದ. ತಗ್ಗಿನ ಮರಕ್ಕೆ ಕೆರೆಯ ಜಿನುಗಿನ ಆಸರೆ ಇತ್ತು. ದಿಣ್ಣೆಯ ಮರಕ್ಕೆ ನೂರಾರು ಅಡಿ ಆಳದಿಂದ ಎತ್ತುವ ನೀರೊಂದೇ ಗತಿ. ಮೋಟಾರು ನಿಂತ ದಿನ ಅದು ಮತ್ತೆ ಬೆದ್ದಲಿನಲ್ಲೇ ನಿಂತಿರುತ್ತದೆ. ಹೇಮಾವತಿ ನಾಲೆಯ ನೀರು ತಲುಪಿದ ಕಡೆ ಕೆರೆಗಳು ಮರುಜೀವ ಪಡೆದಿವೆ. ತಲುಪದ ಕಡೆ ಸುಳಿ ಬಾಗಿದ ತೋಟಗಳನ್ನು ನೋಡಬಹುದು. ತೆಂಗಿಗೆ ಕೊಂಬೆಗಳಿಲ್ಲ, ಇರುವುದು ಒಂದೇ ಸುಳಿ. ಅದು ಹೋದರೆ ಮರವೇ ಹೋದಂತೆ. ಸೊರಗಿದ ಮರಕ್ಕೆ ರೋಗಗಳೂ ಬೇಗ ಮುತ್ತುತ್ತವೆ. 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡ ನುಸಿ ಪೀಡೆ ಕೆಲವೇ ವರ್ಷಗಳಲ್ಲಿ ಇಲ್ಲಿಗೂ ಬಂತು. ಬುಡ ಕೊಳೆಸುವ ಅಣಬೆ ರೋಗವೂ ಈ ಸೀಮೆಗೆ ಹೊಸದಲ್ಲ.

ಹಾಗಾದರೆ ಒಣನಾಡಿನಲ್ಲಿ ತೆಂಗು ಬೆಳೆದದ್ದೇ ತಪ್ಪೇ? ಹಾಗೆನ್ನಲು ಇತಿಹಾಸ ಒಪ್ಪುವುದಿಲ್ಲ. ಎರಡು ಶತಮಾನಕ್ಕೂ ಹಿಂದೆ ಬುಕನನ್ ಕಂಡ ತೋಟಗಳ ಸೀಮೆ ಹಲವು ಬರಗಳನ್ನು ದಾಟಿ ಇಂದಿಗೂ ತೋಟದ ಸೀಮೆಯಾಗಿಯೇ ಉಳಿದಿದೆ. ಆದರೆ ಆ ಮರಗಳ ಹಿಂದೆ ಏರಿ, ತೂಬು, ಗೋಡುಮಣ್ಣು, ಆರಿಸಿದ ಬೀಜ, ಇಷ್ಟೇ ನೀರಿಗೆ ಇಷ್ಟೇ ತೋಟ ಎಂಬ ಅಂದಾಜು ಇವೆಲ್ಲ ಇದ್ದವು. ತವರು ಬಿಟ್ಟು ಬಂದ ಗಿಡ ನೆಲೆ ನಿಲ್ಲುವುದು ತಂದವರ ಆರೈಕೆ ಇರುವವರೆಗೆ ಮಾತ್ರ. ಕಲ್ಪತರು ಕೇಳಿದ್ದನ್ನೆಲ್ಲ ಕೊಟ್ಟಿತು ಎನ್ನುತ್ತೇವೆ. ಅದೂ ಒಂದನ್ನು ಕೇಳುತ್ತಿತ್ತು, ನಮ್ಮ ಹಿರಿಯರು ಅದಕ್ಕಾಗಿ ಕೆರೆ ಕಟ್ಟಿದರು. ಈ ಬೇಸಿಗೆಯಲ್ಲಿ ನಿಮ್ಮೂರ ಕೆರೆ ಬತ್ತಿದಾಗ ಅದರ ಅಂಗಳದಲ್ಲಿ ಎಷ್ಟು ಹೂಳಿದೆ ಎಂದು ಒಮ್ಮೆ ಹೋಗಿ ನೋಡಿ. ತೋಟದ ಆಯುಷ್ಯ ಅಲ್ಲಿ ಗೊತ್ತಾಗುತ್ತದೆ.