ಮೊಬೈಲಿನಲ್ಲಿ ಪುಟ ತೆರೆಯದೇಕೆ? ವೆಬ್‌ಸೈಟುಗಳ ಬೊಜ್ಜು ಮತ್ತು ಅದನ್ನು ಇಳಿಸುವ ಬಗೆ

ಮೊಬೈಲಿನಲ್ಲಿ ವಿಳಾಸ ಒತ್ತಿದ ಮೇಲೆ ಬಿಳಿ ತೆರೆಯಲ್ಲಿ ಚಕ್ರ ತಿರುಗುತ್ತಲೇ ಇರುವುದು ತಾಳವಾಡಿಯ ಕಾಡಂಚಿನವರಿಗಾಗಲೀ ವಯನಾಡಿನ ಗುಡ್ಡದ ಮೇಲಿನವರಿಗಾಗಲೀ ಹೊಸ ನೋಟವಲ್ಲ. ಸಿಗ್ನಲ್ ಇಲ್ಲವೆಂದು ಬೈದು ಫೋನನ್ನು ಜೇಬಿಗೆ ಹಾಕುವುದು ರೂಢಿ. ಆದರೆ ತಪ್ಪೆಲ್ಲ ಸಿಗ್ನಲ್ಲಿನದಲ್ಲ, ಪುಟದ ತೂಕದ್ದೂ ಇದೆ. ಪರೀಕ್ಷೆಯ ಫಲಿತಾಂಶವೋ ಪಹಣಿಯೋ ನೋಡಬೇಕಾದವರಿಗೆ ಬೇಕಿರುವುದು ನಾಲ್ಕು ಸಾಲು. ಆದರೆ ಆ ನಾಲ್ಕು ಸಾಲಿನೊಂದಿಗೆ ದೊಡ್ಡ ದೊಡ್ಡ ಚಿತ್ರಗಳು, ಜಾಹೀರಾತು, ಓಡುವ ಅಕ್ಷರ, ಓದುಗರ ಜಾಡು ಹಿಡಿಯುವ ಪ್ರೋಗ್ರಾಮುಗಳು ಎಲ್ಲವೂ ಫೋನಿಗೆ ಇಳಿಯಬೇಕು.

ವೆಬ್ ಪುಟಗಳ ತೂಕವನ್ನು ವರ್ಷವರ್ಷವೂ ಅಳೆದಿಡುವ ಎಚ್‌ಟಿಟಿಪಿ ಆರ್ಕೈವ್ ಎಂಬ ಯೋಜನೆಯ ಲೆಕ್ಕದಲ್ಲಿ, 2011ರಲ್ಲಿ ಅರ್ಧ ಎಂಬಿಗೂ ಕಡಿಮೆಯಿದ್ದ ಸಾಧಾರಣ ಮೊಬೈಲ್ ಪುಟ 2022ರ ಹೊತ್ತಿಗೆ 2 ಎಂಬಿ ತಲುಪಿತ್ತು. 2 ಎಂಬಿ ಎಂದರೆ 16 ಮೆಗಾಬಿಟ್. ಸೆಕೆಂಡಿಗೆ 1 ಮೆಗಾಬಿಟ್ ಬರುವ ಕಡೆ ಇದಕ್ಕೆ 16 ಸೆಕೆಂಡು ಸಾಕು. ಸಂಪರ್ಕ ಸೊರಗಿ 100 ಕಿಲೋಬಿಟ್‌ಗೆ ಇಳಿದರೆ 160 ಸೆಕೆಂಡು ಬೇಕು. ಹಳೆಯ ಜಿಪಿಆರ್‌ಎಸ್‌ನ 40 ಕಿಲೋಬಿಟ್‌ನಲ್ಲಾದರೆ 400 ಸೆಕೆಂಡು, ಅಂದರೆ ಆರೂವರೆ ನಿಮಿಷ ದಾಟುತ್ತದೆ. ಅಷ್ಟು ಹೊತ್ತು ಜನ ಕಾಯುವುದಿಲ್ಲ. ಎಷ್ಟೋ ಬಾರಿ ಸರ್ವರ್ ಕೂಡ ಕಾಯದೆ ನಡುವೆಯೇ ಸಂಪರ್ಕ ಕಡಿದುಕೊಳ್ಳುತ್ತದೆ.

ಯೂಟ್ಯೂಬ್‌ನಲ್ಲಿ ನಡೆದ ಪ್ರಯೋಗ

ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಪ್ರಸಂಗವೊಂದಿದೆ. ಯೂಟ್ಯೂಬ್‌ನಲ್ಲಿ ವಿಡಿಯೋ ತೋರಿಸುವ ಪುಟ ಆಗ ಸುಮಾರು 1.2 ಎಂಬಿ ಇತ್ತು. ಅದನ್ನು 100 ಕೆಬಿಯೊಳಗೆ ತರಬೇಕೆಂದು ಅಲ್ಲಿನ ಎಂಜಿನಿಯರ್ ಕ್ರಿಸ್ ಜಕರಾಯಸ್ ಹಟ ಹಿಡಿದರು. ಒಂದೊಂದೇ ಅಲಂಕಾರ ಕಿತ್ತುಹಾಕಿ ಕೊನೆಗೆ 98 ಕೆಬಿಗೆ ಇಳಿಸಿದರು. 'ಫೆದರ್', ಅಂದರೆ ಹಕ್ಕಿಗರಿ, ಎಂಬ ಹೆಸರಿನಲ್ಲಿ 2009ರ ಕೊನೆಗೆ ಅದನ್ನು ಪ್ರಯೋಗಕ್ಕೆ ಬಿಡಲಾಯಿತು.

ಬಂದ ಅಂಕಿಅಂಶ ನೋಡಿ ಅವರೇ ಕಕ್ಕಾಬಿಕ್ಕಿಯಾದರು. ಪುಟ ಹತ್ತು ಪಾಲು ಹಗುರವಾಗಿದ್ದರೂ ತೆರೆಯುವ ಸರಾಸರಿ ಸಮಯ ಇಳಿಯುವ ಬದಲು ಏರಿತ್ತು! ಊರುವಾರು ಬಿಡಿಸಿ ನೋಡಿದಾಗ ಗುಟ್ಟು ತಿಳಿಯಿತು. ಆಗ್ನೇಯ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ, ಸೈಬೀರಿಯದಂಥ ಕಡೆಗಳಿಂದ ಹೊಸದಾಗಿ ಜನ ಬರತೊಡಗಿದ್ದರು. ಅಲ್ಲಿ ಫೆದರ್ ಪುಟವೂ ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಹಳೆಯ ಪುಟಕ್ಕಾದರೆ ಇಪ್ಪತ್ತು ನಿಮಿಷವೇ ಬೇಕಿತ್ತು. ಆದ್ದರಿಂದ ಅವರಾರೂ ಅದುವರೆಗೆ ಬರುತ್ತಲೇ ಇರಲಿಲ್ಲ, ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಜಕರಾಯಸ್ 2012ರಲ್ಲಿ ಇದನ್ನೆಲ್ಲ ಬರೆದಿಟ್ಟರು.

"ನಮ್ಮ ವೆಬ್‌ಸೈಟ್ ಸರಾಸರಿ ಮೂರೇ ಸೆಕೆಂಡಿಗೆ ತೆರೆಯುತ್ತದೆ" ಎಂದು ನಗರದಲ್ಲಿ ಕೂತು ಹೇಳುವವರ ಮಾತನ್ನು ಇದರ ಬೆಳಕಿನಲ್ಲಿಯೇ ತೂಗಬೇಕು. ತೆರೆಯದೆ ಹೋದವರು ಆ ಸರಾಸರಿಯಲ್ಲಿ ಸೇರುವುದೇ ಇಲ್ಲ.

ತೂಕ ಎಲ್ಲಿಂದ?

ಕನ್ನಡ ಅಕ್ಷರಗಳಿಂದಲೇ ಪುಟ ಭಾರವಾಗುತ್ತದೆಂಬ ಗುಮಾನಿ ಕೆಲವರಿಗಿದೆ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು ಎಂಬುದು ನಿಜ. 'ಕನ್ನಡ' ಎಂಬ ಪದಕ್ಕೆ ಒತ್ತಕ್ಷರದ ಹಲಂತವೂ ಸೇರಿ ಐದು ಸಂಕೇತ, 15 ಬೈಟ್. ಆದರೂ ಇಂಥದೊಂದು ಇಡೀ ಲೇಖನ 20 ಕೆಬಿ ಆಸುಪಾಸಿನಲ್ಲೇ ಮುಗಿಯುತ್ತದೆ. ಸರ್ವರ್‌ನಲ್ಲಿ ಜಿಜಿಪ್ ಎಂಬ ಕುಗ್ಗಿಸುವ ವ್ಯವಸ್ಥೆ ಚಾಲೂ ಇದ್ದರೆ ಅದೂ ಬಹಳಷ್ಟು ಕುಗ್ಗುತ್ತದೆ. ಫೋನಿನಲ್ಲಿ ತೆಗೆದ ಒಂದೇ ಫೋಟೋ 3-4 ಎಂಬಿ ಇರುವಾಗ ಅಕ್ಷರವನ್ನು ದೂರುವುದು ಅನ್ಯಾಯ.

ದೊಡ್ಡ ಅಪರಾಧಿ ಚಿತ್ರವೇ. ಸಮಾರಂಭದ ಫೋಟೋವನ್ನು ಕ್ಯಾಮೆರಾದಿಂದ ಬಂದ ಹಾಗೆಯೇ ಏರಿಸುತ್ತಾರೆ. 4000 ಪಿಕ್ಸೆಲ್ ಅಗಲದ ಚಿತ್ರ ಮೊಬೈಲಿನ ಅಂಗೈಯಗಲ ತೆರೆಯಲ್ಲಿ ಹೆಬ್ಬೆಟ್ಟಿನಷ್ಟು ಕಾಣುತ್ತದೆ, ಆದರೆ ಇಳಿಯುವುದು ಪೂರಾ ತೂಕ. ಅಗಲವನ್ನು 800 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟವನ್ನು ಸ್ವಲ್ಪ ತಗ್ಗಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣದೆ 100 ಕೆಬಿಯ ಆಚೀಚೆಗೆ ಬರುತ್ತದೆ. ಗೂಗಲ್ 2010ರಲ್ಲಿ ತಂದ ವೆಬ್‌ಪಿ ರೂಪದಲ್ಲಿಟ್ಟರೆ ಇನ್ನೂ ಕಡಿಮೆ. ಕೆಳಗಿನ ಚಿತ್ರಗಳು ಓದುಗರು ಅಲ್ಲಿಗೆ ಸರಿದಾಗ ಮಾತ್ರ ಇಳಿಯುವಂತೆಯೂ ಮಾಡಬಹುದು. ಪಟ್ಟಣದ ಯಾವ ಡಿಟಿಪಿ ಅಂಗಡಿಯ ಹುಡುಗನಿಗೂ ಕಷ್ಟವಾಗದ ಕೆಲಸಗಳಿವು.

ಎರಡನೆಯದು ಜಾವಾಸ್ಕ್ರಿಪ್ಟ್. ಇದು ಇಳಿದರಷ್ಟೇ ಸಾಲದು, ಫೋನಿನ ಪ್ರೊಸೆಸರ್ ಅದನ್ನು ಓದಿ ನಡೆಸಬೇಕು. ಹೀಗಾಗಿ ಅಗ್ಗದ ಫೋನಿನಲ್ಲಿ ನೆಟ್ ಚೆನ್ನಾಗಿದ್ದರೂ ಪುಟ ತಡವರಿಸುತ್ತದೆ. ಬೇಡದ ಸ್ಕ್ರಿಪ್ಟ್ ತೆಗೆಯಬೇಕು, ಬೇಕಾದದ್ದನ್ನು ಅಕ್ಷರ ಕಂಡ ಮೇಲೆ ನಡೆಯುವಂತೆ ಹಿಂದಕ್ಕೆ ಹಾಕಬೇಕು. ತಡವಾಗುವುದರಲ್ಲಿ ಹೆಚ್ಚಿನ ಪಾಲು ಸರ್ವರ್‌ನದಲ್ಲ, ಬ್ರೌಸರ್ ಕಡೆಯದು ಎಂದು ಯಾಹೂದಲ್ಲಿದ್ದ ಸ್ಟೀವ್ ಸೌಡರ್ಸ್ 2007ರ ತಮ್ಮ ಪುಸ್ತಕದಲ್ಲೇ ತೋರಿಸಿದ್ದರು.

ಮೂರನೆಯದು ಫಾಂಟ್. ಒತ್ತಕ್ಷರ, ಗುಣಿತಗಳ ರೂಪಗಳೆಲ್ಲ ಸೇರಿ ಕನ್ನಡದ ಫಾಂಟ್ ಫೈಲು ದೊಡ್ಡದು. ಕನ್ನಡದ ಜೊತೆ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಇರುವ ತಾಣಗಳಲ್ಲಿ ಎಲ್ಲ ಲಿಪಿಗಳ ಫಾಂಟನ್ನೂ ಒಟ್ಟಿಗೆ ಇಳಿಸುವುದುಂಟು. ಪುಟದಲ್ಲಿರುವ ಲಿಪಿಯ ಫಾಂಟ್ ಮಾತ್ರ ಇಳಿಯುವಂತೆ 'ಯೂನಿಕೋಡ್ ರೇಂಜ್' ಎಂಬ ಒಂದು ಸಾಲು ಬರೆದರೆ ಮುಗಿಯಿತು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಮೊದಲೇ ಇರುವುದರಿಂದ ಬೇರೆ ಫಾಂಟ್ ಕಳಿಸದಿದ್ದರೂ ನಡೆಯುತ್ತದೆ.

ದೊಡ್ಡ ಕಂಪನಿಗಳೂ ಈ ದಾರಿಗೆ ಬರಬೇಕಾಯಿತು. ಆಪ್ ಮಾತ್ರ ಸಾಕೆಂದು 2015ರಲ್ಲಿ ಮೊಬೈಲ್ ವೆಬ್‌ಸೈಟನ್ನು ಕೈಬಿಟ್ಟಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್ ಅದೇ ವರ್ಷದ ನವೆಂಬರಿನಲ್ಲಿ 'ಫ್ಲಿಪ್‌ಕಾರ್ಟ್ ಲೈಟ್' ಎಂಬ ಹಗುರ ತಾಣದೊಂದಿಗೆ ಮರಳಿತು. ಗೂಗಲ್ ಕೂಡ 2018ರ ಜುಲೈನಿಂದ ಮೊಬೈಲ್ ಹುಡುಕಾಟದ ಪಟ್ಟಿಯಲ್ಲಿ ಪುಟದ ವೇಗವನ್ನು ಪರಿಗಣಿಸತೊಡಗಿತು.

ಓದುಗರ ಕೈಯಲ್ಲಿರುವುದು

ಕೀಪ್ಯಾಡ್ ಫೋನಿನ ಕಾಲದಲ್ಲಿ ಕನ್ನಡಿಗರಿಗೆ ಒದಗಿದ್ದು ನಾರ್ವೆಯ ಒಪೆರಾ ಮಿನಿ. ಪುಟವನ್ನು ತನ್ನ ಸರ್ವರ್‌ನಲ್ಲೇ ಕುಗ್ಗಿಸಿ ಕಳಿಸುವುದು ಇದರ ಕ್ರಮ. ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲದೆ ಚೌಕ ಚೌಕ ಕಾಣುತ್ತಿದ್ದಾಗ, ಅದರ ಗುಪ್ತ ಸೆಟ್ಟಿಂಗ್ ಪುಟಕ್ಕೆ ಹೋಗಿ ಅಕ್ಷರಗಳು ಚಿತ್ರವಾಗಿ ಬರುವಂತೆ ಮಾಡಿಕೊಂಡು ಸುದ್ದಿ ಓದಿದವರು ಎಷ್ಟೋ ಮಂದಿ. ಒಪೆರಾ ಮಿನಿ ಇಂದಿಗೂ ಸಿಗುತ್ತದೆ. ಆದರೆ ಹೆಚ್ಚು ಉಳಿತಾಯದ ವಿಧಾನದಲ್ಲಿ ಮಾಹಿತಿ ನಡುವಿನ ಸರ್ವರ್ ಹಾದು ಬರುವುದರಿಂದ ಬ್ಯಾಂಕ್ ವ್ಯವಹಾರವನ್ನು ಅದರಲ್ಲಿ ಮಾಡದಿರುವುದು ಲೇಸು. ಕ್ರೋಮ್‌ನಲ್ಲಿದ್ದ ಇಂಥದೇ ಲೈಟ್ ಮೋಡ್ ಅನ್ನು ಗೂಗಲ್ 2022ರಲ್ಲಿ ತೆಗೆದುಹಾಕಿತು.

ಯಾವುದೇ ಪುಟದ ಭಾರ ತಿಳಿಯಲು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿದರೆ ಸಾಕು, ಹಣ ಬೇಡ. ಎಷ್ಟು ಸೆಕೆಂಡು ಹಿಡಿಯಿತು, ಯಾವ ಚಿತ್ರ ಭಾರ ಎಂಬುದು ಅದರಲ್ಲಿ ಬರುತ್ತದೆ. ತಾಣ ನಡೆಸುವವರಿಗೆ ದೂರು ಬರೆಯುವವರು "ನಿಧಾನ" ಎಂದಷ್ಟೇ ಬರೆಯದೆ ಈ ಅಂಕಿಗಳನ್ನೂ, ತಮ್ಮ ಊರಿನ ಹೆಸರನ್ನೂ ಸೇರಿಸಬೇಕು.