ಋತುಚಕ್ರದ ಲೆಕ್ಕ: ಒಂದು ತಪ್ಪು ತಿದ್ದಿದ ಕಥೆ



ಋತುಚಕ್ರದ ಯಾವ ದಿನಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು? ನಿಮ್ಮ ಜೀವಶಾಸ್ತ್ರದ ಪುಸ್ತಕ ಇದಕ್ಕೆ ಒಂದೆರಡು ಸಾಲಿನಲ್ಲಿ ಉತ್ತರ ಕೊಡುತ್ತದೆ. ಆದರೆ ಆ ಉತ್ತರ ಸಿಗಲು ವಿಜ್ಞಾನಿಗಳು ಸುಮಾರು ನೂರು ವರ್ಷ ಶ್ರಮಿಸಬೇಕಾಯಿತು. ಈ ಕಥೆಯ ಒಂದು ಅಧ್ಯಾಯ ನಮ್ಮ ರಾಮನಗರದಲ್ಲಿಯೇ ನಡೆದಿದೆ ಎಂಬುದು ನಿಮಗೆ ಗೊತ್ತೆ?

1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ ನಾಯಿಯ ಅಂಡಾಶಯದಲ್ಲಿ ಅಂಡಾಣುವನ್ನು ಕಂಡುಹಿಡಿದನು. ಸಸ್ತನಿಗಳಲ್ಲಿಯೂ ಅಂಡಾಣು ಇದೆ ಎಂಬುದು ಇದರಿಂದ ಖಚಿತವಾಯಿತು. ಆದರೆ ಅದು ಅಂಡಾಶಯದಿಂದ ಹೊರಬರುವುದು ಯಾವಾಗ? ನಾಯಿ ಬೆದೆಗೆ ಬಂದಾಗ ರಕ್ತಸ್ರಾವ ಕಾಣಿಸುತ್ತದೆ. ಅಂಡಾಣು ಬಿಡುಗಡೆಯಾಗುವುದೂ ಬೆದೆಯ ಕಾಲದಲ್ಲಿಯೇ. ಇದನ್ನು ನೋಡಿದ ಯುರೋಪಿನ ಅನೇಕ ವೈದ್ಯರು ಸ್ತ್ರೀಯರ ಮುಟ್ಟೂ ಇಂಥದೇ ಎಂದು ಭಾವಿಸಿದರು. ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಗರ್ಭ ನಿಲ್ಲುತ್ತದೆ, ಎರಡು ಮುಟ್ಟುಗಳ ನಡುವಿನ ದಿನಗಳು ಸುರಕ್ಷಿತ ಎಂದು ಸಲಹೆ ಕೊಟ್ಟರು. ಗಮನಿಸಿ, ಇದು ಸತ್ಯಕ್ಕೆ ನೇರ ವಿರುದ್ಧವಾದ ಸಲಹೆ! ಮಕ್ಕಳು ಸಾಕು ಎಂದುಕೊಂಡ ದಂಪತಿಗಳು ಇದನ್ನು ನಂಬಿ, ಗರ್ಭ ನಿಲ್ಲುವ ದಿನಗಳನ್ನೇ ಆರಿಸಿಕೊಂಡರು. ಒಂದೊಂದು ಹೆರಿಗೆಯೂ ತಾಯಿಯ ಜೀವಕ್ಕೆ ಅಪಾಯ ತರಬಹುದಾಗಿದ್ದ ಕಾಲ ಅದು.

ಈ ತಪ್ಪನ್ನು ತಿದ್ದಿದವರಲ್ಲಿ ಮೊದಲಿಗರು ಜಪಾನಿನ ನೀಗಾಟ ನಗರದ ವೈದ್ಯ ಕ್ಯೂಸಾಕು ಒಗಿನೊ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅವರು ರೋಗಿಗಳ ಅಂಡಾಶಯಗಳನ್ನು ಪರೀಕ್ಷಿಸಿ, ಅವರ ಮುಟ್ಟಿನ ದಿನಾಂಕಗಳೊಡನೆ ಹೋಲಿಸಿದರು. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಎಂದು 1924ರಲ್ಲಿ ಪ್ರಕಟಿಸಿದರು. ಆಸ್ಟ್ರಿಯದ ಹರ್ಮನ್ ಕ್ನೌಸ್ ಕೂಡ ಅದೇ ದಶಕದಲ್ಲಿ ಸ್ವತಂತ್ರವಾಗಿ ಇಂಥದೇ ತೀರ್ಮಾನಕ್ಕೆ ಬಂದರು.

ಇಲ್ಲಿ ಮುಖ್ಯವಾದ ಅಂಶವೆಂದರೆ, ಲೆಕ್ಕ ಹಾಕಬೇಕಾದದ್ದು ಹಿಂದಿನ ಮುಟ್ಟಿನಿಂದ ಮುಂದಕ್ಕಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ. ಚಕ್ರ 28 ದಿನದ್ದಾದರೆ ಅಂಡಾಣು ಸುಮಾರು 14ನೆಯ ದಿನ ಬರುತ್ತದೆ. 35 ದಿನದ್ದಾದರೆ ಸುಮಾರು 21ನೆಯ ದಿನ. ಆದರೆ ಮುಂದಿನ ಮುಟ್ಟು ಯಾವಾಗ ಎಂದು ಮೊದಲೇ ತಿಳಿಯುವುದು ಹೇಗೆ? ಈ ವಿಧಾನದ ತೊಡಕು ಇರುವುದು ಇಲ್ಲಿಯೇ. ಮಕ್ಕಳು ಬೇಕೆನ್ನುವವರಿಗೆ ನೆರವಾಗಲೆಂದು ಶ್ರಮಿಸಿದ ಒಗಿನೊ, ಗರ್ಭ ತಡೆಯಲು ಈ ಲೆಕ್ಕವನ್ನು ನೆಚ್ಚುವುದನ್ನು ಒಪ್ಪಲಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತ್ತು. ಸ್ವಾತಂತ್ರ್ಯಾನಂತರ ಕೇಂದ್ರ ಆರೋಗ್ಯ ಸಚಿವೆಯಾದ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯವರ ಅನುಯಾಯಿ. ಸಾಧನ, ಔಷಧಗಳಿಲ್ಲದ ಸಂಯಮದ ಮಾರ್ಗವೇ ಅವರಿಗೆ ಒಪ್ಪಿಗೆಯಾಗಿತ್ತು. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು 1951ರಲ್ಲಿ ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ಬಳಿಕ ದೆಹಲಿಯ ಲೋಧಿ ಕಾಲೊನಿ ಮತ್ತು ನಮ್ಮ ರಾಮನಗರದಲ್ಲಿ ಪ್ರಯೋಗ ಆರಂಭವಾಯಿತು. ಓದು ಬಾರದ ತಾಯಂದಿರೂ ಎಣಿಸಲೆಂದು ಬಣ್ಣಬಣ್ಣದ ಮಣಿಸರ ಬಂತು. ದಿನಕ್ಕೊಂದು ಮಣಿ ಸರಿಸಿದರೆ, ಮಣಿಯ ಬಣ್ಣವೇ ಅಂದು ಸುರಕ್ಷಿತವೋ ಅಲ್ಲವೋ ಎಂದು ಹೇಳುತ್ತಿತ್ತು.

ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಇದಕ್ಕೆ ತಾಯಂದಿರ ಅಜ್ಞಾನ ಕಾರಣವೆಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಮಣಿಗಳ ಸಂಖ್ಯೆ ನಿಗದಿಯಾಗಿರುತ್ತದೆ. ದೇಹದ ಚಕ್ರ ಹಾಗಲ್ಲ. ಹೆರಿಗೆಯ ನಂತರ, ಮೊಲೆಯೂಡಿಸುವಾಗ, ಕಾಯಿಲೆ ಬಂದಾಗ ಅದು ಏರುಪೇರಾಗುತ್ತದೆ. ಮೇಲಾಗಿ ಗಂಡನ ಸಹಕಾರವಿಲ್ಲದಿದ್ದರೆ ಹೆಂಡತಿಯೊಬ್ಬಳ ಎಣಿಕೆಯಿಂದ ಪ್ರಯೋಜನವೇನು?

ಮುಂದಿನ ಸಂಶೋಧನೆಗಳು ಇನ್ನಷ್ಟು ಬೆಳಕು ಚೆಲ್ಲಿದವು. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 221 ಸ್ತ್ರೀಯರ ಅಧ್ಯಯನದ ಪ್ರಕಾರ ಗರ್ಭ ನಿಲ್ಲಬಹುದಾದ ದಿನಗಳು ಆರು: ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನಗಳು. ವೀರ್ಯಾಣು ಸುಮಾರು ಐದು ದಿನ ಜೀವಂತವಾಗಿರಬಲ್ಲದು, ಅಂಡಾಣುವಿನ ಆಯುಷ್ಯವೋ ಒಂದು ದಿನವಷ್ಟೆ. ಆರರಲ್ಲಿ ಮೊದಲ ದಿನ ಗರ್ಭ ನಿಲ್ಲುವ ಸಾಧ್ಯತೆ ಶೇಕಡ 10ರಷ್ಟು, ಕೊನೆಯ ದಿನ ಶೇಕಡ 33ರಷ್ಟು. ಈ ಆರು ದಿನಗಳು ಪೂರ್ಣವಾಗಿ ಚಕ್ರದ 10ರಿಂದ 17ನೆಯ ದಿನದೊಳಗೆ ಬರುವುದು ಸುಮಾರು ಶೇಕಡ 30 ಸ್ತ್ರೀಯರಲ್ಲಿ ಮಾತ್ರ ಎಂದು 2000ದಲ್ಲಿ ಅದೇ ಸಂಶೋಧಕರು ತೋರಿಸಿದರು.

ಆದ್ದರಿಂದ ಪುಸ್ತಕದ '14ನೆಯ ದಿನ' ಒಂದು ಸರಾಸರಿ ಮಾತ್ರ, ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. 'ಈ ದಿನ ಏನೂ ಆಗುವುದಿಲ್ಲ' ಎಂದು ಯಾರಾದರೂ ಖಚಿತವಾಗಿ ಹೇಳಿದರೆ, ನಾಯಿಯನ್ನು ನೋಡಿ ಲೆಕ್ಕ ತಪ್ಪಿದ ವೈದ್ಯರನ್ನು ನೆನಪಿಸಿಕೊಳ್ಳಿ. ಮುಟ್ಟು ಮುಚ್ಚಿಡಬೇಕಾದ ವಿಷಯವಲ್ಲ. ವಿದ್ಯಾರ್ಥಿನಿಯರು ತಮ್ಮ ಚಕ್ರದ ದಿನಾಂಕಗಳನ್ನು ಬರೆದಿಟ್ಟುಕೊಳ್ಳಲಿ. ಏರುಪೇರು ಹೆಚ್ಚಿದರೆ ವೈದ್ಯರನ್ನು ಕಾಣಲಿ. ವಿದ್ಯಾರ್ಥಿಗಳೂ ಇದನ್ನು ತಮ್ಮ ಪಾಠವೆಂದೇ ಓದಲಿ. ರಾಮನಗರದಲ್ಲಿ ಮಣಿ ಸರಿಸುವ ಹೊಣೆ ತಾಯಂದಿರ ಮೇಲಷ್ಟೇ ಬಿದ್ದಿತ್ತು. ಇನ್ನು ಮುಂದೆಯೂ ಹಾಗಾಗುವುದು ಬೇಡ.