ಕತ್ತಿ ಆಚಾರಿಯದು, ಹಿಡಿ ಹಿಡಿದವನದು

ಕತ್ತಿಯ ಹರಿತದ ಬಗ್ಗೆ ನಮ್ಮ ಕಡೆ ಎಲ್ಲರೂ ಮಾತಾಡುತ್ತಾರೆ, ಹಿಡಿಯನ್ನು ಯಾರೂ ಕೇಳುವುದಿಲ್ಲ. ಕಾರ್ಕಳದ ಬಳಿ ಕುಲುಮೆ ಇಟ್ಟಿದ್ದ ನನ್ನಪ್ಪನ ಲೆಕ್ಕವೇ ಬೇರೆ: ಮೊಂಡು ಕತ್ತಿ ಕೆಲಸ ಕೆಡಿಸುತ್ತದೆ, ಜಾರುವ ಹಿಡಿ ಕೈ ಕಡಿಯುತ್ತದೆ.

1432ರಲ್ಲಿ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಊರಿಗೆ ಉಳಿ ಹದಮಾಡುವ ಕುಲುಮೆ ಆಗಲೂ ಬೇಕಿತ್ತು. ಅಪ್ಪನ ಕಾಲಕ್ಕೆ ಕಬ್ಬಿಣವೆಂದರೆ ಲಾರಿಯ ಹಳೆ ಪ್ಲೇಟು. ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ, ಅದಕ್ಕಿಂತ ಸಣ್ಣ ತೂತಿನ ಮರದೊಳಗೆ ಇಳಿಸುತ್ತಿದ್ದರು. ಮರ ಸುಟ್ಟುಕೊಂಡೇ ದಾರಿ ಬಿಡುತ್ತಿತ್ತು. ಸೀಳದಂತೆ ಕಬ್ಬಿಣದ ಬಳೆ, ಬೀಸುವಾಗ ಹಾರಿಹೋಗದಂತೆ ತುದಿ ತುಸು ದಪ್ಪ. ಹೊಳಪು ಮಾತ್ರ ಕೊಡುತ್ತಿರಲಿಲ್ಲ, ಬೆವರಿದ ಕೈಗೆ ನುಣುಪು ಆಗುವುದಿಲ್ಲ.

ಉಳಿದದ್ದು ಗಿರಾಕಿಯ ಕೆಲಸ. ಗದ್ದೆಗೆ ಸೊಪ್ಪು ಕಡಿಯುವವರು ತೆಂಗಿನ ಹುರಿ ಸುತ್ತಿಕೊಳ್ಳುತ್ತಿದ್ದರು. ಸೈಕಲ್ ಬಂದಮೇಲೆ ಹರಿದ ಟ್ಯೂಬಿನ ಪಟ್ಟಿ. ಮಳೆಗಾಲದಲ್ಲಿ ಹುರಿ ಕೊಳೆಯುತ್ತದೆ. ಟ್ಯೂಬು ಕೊಳೆಯದು, ಆದರೆ ಅದರಡಿಯ ತೇವಕ್ಕೆ ಮರವೇ ಕುಂಬಾಗುತ್ತದೆ. ಹಾಗಾಗಿ ಆಗಾಗ ಬಿಚ್ಚಿ ಒಣಗಿಸಬೇಕು.

ಕಳ್ಳು ಇಳಿಸುವ ಮೂರ್ತೆದಾರರದು ನಾಜೂಕಿನ ಹಿಡಿತ. ತೆಂಗಿನ ತಲೆಯಲ್ಲಿ ಕೂತು ಹೊಂಬಾಳೆಯ ತುದಿಯನ್ನು ದಿನವೂ ತೆಳ್ಳಗೆ ಕೆತ್ತಬೇಕು. ಕೈ ಬಿಗಿಯಾದರೆ ಪದರ ದಪ್ಪವಾಗಿ ಹೊಂಬಾಳೆ ಬೇಗ ಮುಗಿದುಹೋಗುತ್ತದೆ. ಕಾಪುವಿನ ಕಡೆ ಮೀನು ಕೊಯ್ಯುವ ಹೆಂಗಸರಿಗೆ ಲೋಳೆಯ ಕಾಟ. ಅವರ ಮದ್ದು ಒಲೆಯ ಬೂದಿ.

ಹಲಸಿಗೆ ಬೂದಿಯೂ ನಡೆಯದು. ಮೇಣ ಅಂಟದಿರಲು ಕೈಗೆ ಎಣ್ಣೆ ಬೇಕು, ಎಣ್ಣೆ ಹಚ್ಚಿದರೆ ಹಿಡಿ ಜಾರುತ್ತದೆ. ಅಲ್ಲಿ ಗೆದ್ದದ್ದು ಮೆಟ್ಟುಕತ್ತಿ. ಅದಕ್ಕೆ ಹಿಡಿಯೇ ಇಲ್ಲ; ಅಲಗು ನೆಟ್ಟ ಮಣೆಯನ್ನು ಕಾಲಲ್ಲಿ ಮೆಟ್ಟಿದರೆ ಎರಡು ಕೈಯೂ ಖಾಲಿ. ಉಡುಪಿಯ ಅಡುಗೆಮನೆಗಳಲ್ಲಿ ಮಟ್ಟುಗುಳ್ಳ ಬದನೆ ಹೋಳಾದದ್ದೂ ಇದರ ಮೇಲೆಯೇ.

ಜಾರುವ ಹಿಡಿಯ ಚಿಂತೆ ವೈದ್ಯರಿಗೂ ಇದೆ. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಅಂಥಲ್ಲಿ ಬಳಸುವ ಶಸ್ತ್ರಚಿಕಿತ್ಸೆಯ ಚಾಕುವಿನ ಉಕ್ಕಿನ ಹಿಡಿಯಲ್ಲಿ ಸಣ್ಣ ಗೀರುಗಳಿರುತ್ತವೆ, ಒದ್ದೆ ಗ್ಲೌಸ್ ಜಾರದಿರಲೆಂದು. ಅಪ್ಪ ಮರದ ಹಿಡಿಗೆ ಅರದಿಂದ ಎಳೆಯುತ್ತಿದ್ದ ಗೀರಿಗೂ ಅದೇ ಕಾರಣ.

ಈಗ ಅಂಗಡಿಯಲ್ಲಿ ಸಿಗುವುದು ಎಲ್ಲರ ಕೈಗೂ ಒಂದೇ ಅಳತೆಯ ಪ್ಲಾಸ್ಟಿಕ್ ಹಿಡಿ. ಕೊಳ್ಳುವಾಗ ಬಾಯಿಯ ಹರಿತ ನೋಡುವ ಮೊದಲು ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ. ಒದ್ದೆ ಕೈಯಲ್ಲಿ ನಿಲ್ಲದ ಕತ್ತಿ ನಮ್ಮ ಕರಾವಳಿಗೆ ಹೇಳಿದ್ದಲ್ಲ.